ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾ, ಯೂಟ್ಯೂಬ್: ಸಣ್ಣ ಸೇವಾ ಸಂಸ್ಥೆಗೆ ಯಾವುದು ಬೇಕು, ಯಾವುದು ಬೇಡ

ಸಣ್ಣ ಟ್ರಸ್ಟ್ ನಡೆಸುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಎಲ್ಲರೂ ಇನ್‌ಸ್ಟಾದಲ್ಲಿ ಇದ್ದಾರೆ, ನಾವೂ ಶುರು ಮಾಡೋಣವಾ? ಫೇಸ್‌ಬುಕ್ ಪೇಜನ್ನು ಯಾರೂ ನೋಡ್ತಿಲ್ಲ, ಬಿಟ್ಟುಬಿಡೋಣವಾ? ವಾಟ್ಸಾಪ್ ಗ್ರೂಪ್ ಒಂದಿದ್ದರೆ ಸಾಕಲ್ವಾ?" ಕೇಳುವವರು ರಕ್ತದಾನಿಗಳ ಬಳಗದವರಿರಬಹುದು, ವಿಶೇಷಚೇತನ ಮಕ್ಕಳ ಡೇ ಕೇರ್ ನಡೆಸುವವರಿರಬಹುದು, ಕುಡಿತ ಬಿಡಿಸುವ ಕೇಂದ್ರದವರೋ ವೃದ್ಧಾಶ್ರಮದವರೋ ಇರಬಹುದು. ಪ್ರಶ್ನೆ ಒಂದೇ ಆದರೂ ಉತ್ತರ ಬೇರೆ ಬೇರೆ. ರಕ್ತದಾನಿಗಳಿಗೆ ಚೆನ್ನಾಗಿ ಒಗ್ಗುವ ದಾರಿ ಕುಡಿತ ಬಿಡಿಸುವ ಕೇಂದ್ರಕ್ಕೆ ಅಪಾಯ ತರಬಹುದು. ಆದ್ದರಿಂದ ಯಾವ ಆಪ್ ಅನ್ನುವುದನ್ನು ಸ್ವಲ್ಪ ಪಕ್ಕಕ್ಕಿಟ್ಟು, ಯಾವ ಅಳತೆಯಲ್ಲಿ ಅಳೆಯಬೇಕು ಅನ್ನುವುದನ್ನು ಮೊದಲು ನೋಡೋಣ.

ಏನನ್ನು ನೋಡಿ ಆರಿಸಬೇಕು

ಮಾತು ಯಾರ ಜೊತೆ ಅನ್ನುವುದು ಮೊದಲನೆಯದು. ಸಹಾಯ ಕೇಳಿ ಬರುವವರು, ದುಡ್ಡು ಕೊಡುವವರು, ಬಂದು ಕೆಲಸಕ್ಕೆ ಕೈಹಾಕುವವರು. ಈ ಮೂವರೂ ಬೇರೆ ಬೇರೆ ಜನ. ಕೊಡುವವರಿಗೆ ನಿಮ್ಮ ಕೆಲಸ ಕಣ್ಣಿಗೆ ಕಾಣಬೇಕು. ಕೇಳುವವರಿಗೆ ತಾವು ಯಾರ ಕಣ್ಣಿಗೂ ಕಾಣಬಾರದು. ಇಬ್ಬರನ್ನೂ ಒಂದೇ ಜಾಗದಲ್ಲಿ ಕೂರಿಸಿದಾಗಲೇ ಹೆಚ್ಚಿನ ತೊಂದರೆಗಳು ಶುರುವಾಗುತ್ತವೆ. ಈ ಬರಹದಲ್ಲಿ ಇದೊಂದೇ ಮಾತು ನೆನಪಿಟ್ಟುಕೊಂಡರೂ ಅರ್ಧ ಆಯ್ಕೆ ಮುಗಿದ ಹಾಗೆ.

ಎರಡನೆಯದು ಸುದ್ದಿಯ ಆಯಸ್ಸು. "ಬಿ ನೆಗೆಟಿವ್ ರಕ್ತ ಬೇಕು" ಅನ್ನುವ ಸಂದೇಶದ ಆಯಸ್ಸು ಕೆಲವೇ ಗಂಟೆ. "ಯುಡಿಐಡಿ ಕಾರ್ಡ್‌ಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕುವುದು ಹೇಗೆ" ಅನ್ನುವ ವಿಡಿಯೊವನ್ನು ಎರಡು ವರ್ಷ ಬಿಟ್ಟೂ ಜನ ಹುಡುಕುತ್ತಾರೆ. ಎರಡಕ್ಕೂ ಒಂದೇ ಆಪ್ ಸರಿಹೋಗುವುದಿಲ್ಲ.

ಮೂರನೆಯದು, ಉತ್ತರ ಕೊಡುವವರು ಯಾರು. ಈ ಆಪ್‌ಗಳೆಲ್ಲ ಪುಕ್ಕಟೆ. ನಿಜವಾದ ಖರ್ಚು ಅಂದರೆ ಒಂದು ಫೋನು, ಒಂದು ಬೇರೆ ಸಿಮ್ಮು, ಮತ್ತು ಒಬ್ಬರ ದಿನದ ಒಂದು ಗಂಟೆ. ಆ ಒಂದು ಗಂಟೆ ಯಾರದು ಅನ್ನುವುದಕ್ಕೆ ಹೆಸರು ಹೇಳಲಾಗದಿದ್ದರೆ ಹೊಸ ಖಾತೆ ತೆರೆಯಬೇಡಿ. ಸಹಾಯ ಕೇಳಿ ಬಂದ ಮೆಸೇಜು ಮೂರು ವಾರ ಹಾಗೇ ಬಿದ್ದಿರುವುದಕ್ಕಿಂತ ಖಾತೆಯೇ ಇಲ್ಲದಿರುವುದು ವಾಸಿ.

ವಾಟ್ಸಾಪ್: ಒಳಗೇ ನಾಲ್ಕು ದಾರಿ

ನಮ್ಮ ಕಡೆ ಮೊದಲ ಆಯ್ಕೆ ವಾಟ್ಸಾಪೇ. ದಾನಿಗಳು ಅದರಲ್ಲಿದ್ದಾರೆ, ಆಶಾ ಕಾರ್ಯಕರ್ತೆಯರು ಇದ್ದಾರೆ, ಸಹಾಯ ಬೇಕಾದವರ ಮನೆಯಲ್ಲೂ ಮಗನ ಹತ್ತಿರವೋ ಮಗಳ ಹತ್ತಿರವೋ ಇದೆ. ಓದು ಬರೆಹ ಬಾರದವರು ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಆದರೆ "ವಾಟ್ಸಾಪ್ ಇದೆ" ಅಂದರೆ ಸಾಲದು. ಗ್ರೂಪ್, ಬ್ರಾಡ್‌ಕಾಸ್ಟ್, ಚಾನೆಲ್, ಬಿಸಿನೆಸ್ ಆಪ್ ಅಂತ ಅದರೊಳಗೇ ನಾಲ್ಕು ದಾರಿ ಇವೆ. ಜನ ಎಡವುವುದು ಇಲ್ಲೇ.

ಗ್ರೂಪ್‌ನಲ್ಲಿ 1024 ಜನರವರೆಗೆ ಸೇರಿಸಬಹುದು. ಎಲ್ಲರಿಗೂ ಎಲ್ಲರ ನಂಬರ್ ಕಾಣುತ್ತದೆ. ಭಾನುವಾರದ ಶಿಬಿರಕ್ಕೆ ಯಾರು ಬೇಗ ಬಂದು ಶಾಮಿಯಾನ ಹಾಕಿಸುತ್ತಾರೆ ಅಂತ ಮಾತಾಡಿಕೊಳ್ಳುವ ವಾಲಂಟಿಯರ್‌ಗಳಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಕುಡಿತ ಬಿಡಿಸುವ ಕೇಂದ್ರದವರು ಚಿಕಿತ್ಸೆ ಪಡೆದವರ ಮನೆಯವರಿಗೆ ಅಂತ ಒಂದು ಗ್ರೂಪ್ ಮಾಡಿದರು ಅಂದುಕೊಳ್ಳಿ. ಸಣ್ಣ ಊರು. ಸೇರಿದ ಕೂಡಲೇ ಒಬ್ಬಾಕೆ ಸದಸ್ಯರ ಪಟ್ಟಿ ತೆಗೆದು ನೋಡುತ್ತಾಳೆ. ಬರೀ ನಂಬರ್‌ಗಳ ನಡುವೆ ಒಂದು ಕಡೆ "ಮೂಲೆಮನೆ ಟೀಚರ್" ಅಂತ ಇದೆ. ಅವಳೇ ತನ್ನ ಫೋನಿನಲ್ಲಿ ಸೇವ್ ಮಾಡಿಕೊಂಡ ಹೆಸರು. ಟೀಚರ್ ಮನೆಯ ಗುಟ್ಟು ಇವಳಿಗೆ ಗೊತ್ತಾಯಿತು. ಟೀಚರ್ ಫೋನಿನಲ್ಲೂ ಇವಳ ಹೆಸರು ಹಾಗೇ ಕಂಡಿರುತ್ತದೆ. ಗ್ರೂಪ್ ಮಾಡಿದ ಅಡ್ಮಿನ್‌ಗೆ ಇದು ಗೊತ್ತೇ ಆಗುವುದಿಲ್ಲ. ಇಬ್ಬರೂ ಸುಮ್ನೆ ಗ್ರೂಪ್ ಬಿಟ್ಟು ಹೋಗುತ್ತಾರೆ.

ಇನ್ನೊಂದು ತೊಂದರೆ ಫೋನಿನ ಪರದೆಯದು. ಎಷ್ಟೋ ಮನೆಗಳಲ್ಲಿ ಒಂದೇ ಫೋನ್ ಮೂರು ಜನರ ಕೈಯಲ್ಲಿ ಓಡಾಡುತ್ತದೆ. ಗ್ರೂಪ್‌ಗೆ "ಕೌಟುಂಬಿಕ ದೌರ್ಜನ್ಯ ಸಹಾಯ ಬಳಗ" ಅಂತ ಹೆಸರಿಟ್ಟಿದ್ದರೆ ಲಾಕ್ ತೆಗೆಯುವ ಮೊದಲೇ ಅದು ಗಂಡನ ಕಣ್ಣಿಗೆ ಬೀಳುತ್ತದೆ. ಏಟು ತಿನ್ನುವ ಹೆಂಗಸಿಗೆ ಆ ಹೆಸರೇ ಇನ್ನೊಂದು ಏಟು ತರಬಹುದು.

ಹಾಗಾದರೆ ಇಂಥ ಕೆಲಸಕ್ಕೆ ಯಾವುದು? ನನ್ನ ಪ್ರಕಾರ ವಾಟ್ಸಾಪ್ ಬಿಸಿನೆಸ್ ಆಪ್, ಅದೂ ಒಬ್ಬರ ಜೊತೆ ಒಬ್ಬರ ಮಾತಿಗೆ ಮಾತ್ರ. ಇದು ಪುಕ್ಕಟೆ. ಹೆಸರಿನಲ್ಲಿ ಬಿಸಿನೆಸ್ ಇದ್ದರೂ ಟ್ರಸ್ಟ್‌ಗಳು ಬಳಸಬಹುದು. ಕಾರ್ಯದರ್ಶಿಯ ಸ್ವಂತ ನಂಬರ್ ಬೇಡ, ಸಂಸ್ಥೆಗೇ ಒಂದು ಸಿಮ್ ತಗೊಳ್ಳಿ. ಪ್ರೊಫೈಲ್‌ನಲ್ಲಿ ಹೆಸರು ಸಾದಾ ಆಗಿರಲಿ. ಯಾರಾದರೂ ಬರೆದರೆ ಮೊದಲು ಕೇಳಬೇಕಾದ್ದು ಕಷ್ಟ ಏನು ಅಂತಲ್ಲ. "ಈ ನಂಬರ್‌ಗೆ ಯಾವ ಹೊತ್ತಲ್ಲಿ ಮೆಸೇಜ್ ಮಾಡಬಹುದಮ್ಮಾ? ಫೋನ್ ಬೇರೆಯವರೂ ನೋಡ್ತಾರಾ?" ಅಂತ ಕೇಳಿ. ಮೆಸೇಜು 24 ಗಂಟೆಗೋ, 7 ದಿನಕ್ಕೋ, 90 ದಿನಕ್ಕೋ ತಾನೇ ಅಳಿಸಿಹೋಗುವ ಹಾಗೆ ಇಡಬಹುದು. ಇಲ್ಲೂ ಒಂದು ಕೊಡು-ಕೊಳ್ಳು ಇದೆ. ಅಳಿಸಿದರೆ ಮನೆಯಲ್ಲಿ ಸಿಕ್ಕಿಬೀಳುವ ಭಯ ಕಡಿಮೆ. ಆದರೆ ಮುಂದೆ ದೂರು ಕೊಡುವಾಗ ಅವೇ ಮೆಸೇಜುಗಳು ಸಾಕ್ಷಿ ಆಗಬಹುದಿತ್ತು. ತೀರ್ಮಾನ ಆಕೆಯದು, ನಿಮ್ಮದಲ್ಲ.

ಈ ಆಪ್‌ನಲ್ಲಿ ಕಚೇರಿ ಮುಚ್ಚಿದ ಮೇಲೆ ತಾನೇ ಹೋಗುವ ಉತ್ತರ ಬರೆದಿಡಬಹುದು. ಹೆಚ್ಚಿನವರು "ಧನ್ಯವಾದಗಳು, ಶೀಘ್ರದಲ್ಲೇ ಸಂಪರ್ಕಿಸುತ್ತೇವೆ" ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ರಾತ್ರಿ 11 ಗಂಟೆಗೆ ಬರೆದವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಹೀಗೆ ಬರೆದರೆ ಹೇಗೆ:

"ನಮಸ್ಕಾರ. ನಾವು ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಉತ್ತರ ಕೊಡುತ್ತೇವೆ. ಈಗಲೇ ಅಪಾಯ ಇದ್ದರೆ 112ಕ್ಕೆ ಕರೆ ಮಾಡಿ. ಮನಸ್ಸಿಗೆ ತುಂಬಾ ಕಷ್ಟವಾಗಿದ್ದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಹೆಂಗಸರಿಗೆ 181, ಮಕ್ಕಳಿಗೆ 1098, ಹಿರಿಯರಿಗೆ 14567."

ಐದು ಸಾಲು. ಒಂದು ವರ್ಷದ ಪೋಸ್ಟ್‌ಗಳಿಗಿಂತ ಇದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಒಂದೇ ಮೆಸೇಜನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿ ದಾನಿಗಳಿಗೆ ಸರಿ. ಒಂದು ಪಟ್ಟಿಗೆ 256 ಜನ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ, ಬಂದ ಉತ್ತರ ನಿಮಗೊಬ್ಬರಿಗೇ. ಒಂದು ಮಿತಿ ಇದೆ: ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹಾಗಾಗಿ ರಸೀದಿ ಕೊಡುವಾಗಲೇ "ಈ ನಂಬರ್ ಸೇವ್ ಮಾಡ್ಕೊಳ್ಳಿ ಸಾರ್" ಅಂತ ಹೇಳಬೇಕು. ಚಾನೆಲ್ ನಮ್ಮಲ್ಲಿಗೆ ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ಎಷ್ಟು ಜನ ಬೇಕಾದರೂ ಸೇರಬಹುದು, ಸೇರಿದವರ ನಂಬರ್ ಒಬ್ಬರಿಗೊಬ್ಬರಿಗೆ ಕಾಣದು. ಮಾತು ಒಂದೇ ಕಡೆಯಿಂದ. ಸರ್ಕಾರಿ ಯೋಜನೆಯ ಕೊನೆಯ ದಿನಾಂಕ, ಶಿಬಿರದ ಜಾಗ, ಹೊಸ ಸೌಲಭ್ಯದ ಸುದ್ದಿ ಹೇಳಲು ಅನುಕೂಲ.

ರಕ್ತದಾನಿಗಳ ಬಳಗಕ್ಕೆ ಬಿಸಿನೆಸ್ ಆಪ್‌ನ ಲೇಬಲ್‌ಗಳು ಹೇಳಿ ಮಾಡಿಸಿದ ಹಾಗಿವೆ. ರಕ್ತದ ಗುಂಪಿಗೆ ಒಂದೊಂದು ಬಣ್ಣ. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಆದ್ದರಿಂದ ಕೊನೆಯ ಸಲ ಕೊಟ್ಟ ತಾರೀಕನ್ನು ಹೆಸರಿನ ಪಕ್ಕ ಬರೆದಿಟ್ಟುಕೊಂಡರೆ ಮೊನ್ನೆ ಕೊಟ್ಟವರನ್ನೇ ಇವತ್ತೂ ಕರೆಯುವುದು ತಪ್ಪುತ್ತದೆ. ಸಾವಿರ ಜನರ ಗ್ರೂಪಿಗೆ ಎಸೆಯುವುದಕ್ಕಿಂತ ಆ ರಕ್ತದ ಗುಂಪಿನ ಹತ್ತು ಜನರಿಗೆ ನೇರವಾಗಿ ಕೇಳುವುದು ಬೇಗ ಕೆಲಸ ಮಾಡುತ್ತದೆ. ಹೊರಗೆ ಕಳಿಸಲೇಬೇಕಾದರೆ ತಾರೀಕು, ಹೊತ್ತು, ಆಸ್ಪತ್ರೆ, ಎಷ್ಟು ಯೂನಿಟ್, ಇಷ್ಟನ್ನೂ ಬರೆಯಿರಿ. ತಾರೀಕಿಲ್ಲದ ರಕ್ತದ ಮೆಸೇಜು ವರ್ಷಗಟ್ಟಲೆ ಫಾರ್ವರ್ಡ್ ಆಗುತ್ತಾ ಇರುತ್ತದೆ, ರೋಗಿ ಗುಣವಾಗಿ ಮನೆಗೆ ಹೋದ ಮೇಲೂ ಆ ಮನೆಗೆ ಫೋನ್ ಬರುತ್ತಾ ಇರುತ್ತದೆ. ಕೇಳುವ ಮೊದಲು ಇ-ರಕ್ತಕೋಶ್ ಜಾಲತಾಣದಲ್ಲಿ ಹತ್ತಿರದ ರಕ್ತನಿಧಿಯ ದಾಸ್ತಾನು ನೋಡಿದರೆ ಇನ್ನೂ ಒಳ್ಳೆಯದು.

ಫೇಸ್‌ಬುಕ್ ಸತ್ತಿಲ್ಲ, ವಯಸ್ಸಾಗಿದೆ

ಹುಡುಗರು ಫೇಸ್‌ಬುಕ್ ಅಂದರೆ ನಗುತ್ತಾರೆ. ಆದರೆ ನಿಮ್ಮ ವೃದ್ಧಾಶ್ರಮಕ್ಕೆ ತಂದೆಯ ತಿಥಿಯ ದಿನ ಊಟ ಹಾಕಿಸುವವರು ಹುಡುಗರಾ? ಐವತ್ತು ದಾಟಿದವರು, ನಿವೃತ್ತ ಮೇಷ್ಟ್ರು, ಬ್ಯಾಂಕಿನಲ್ಲಿದ್ದವರು, ಹಳೆ ವಿದ್ಯಾರ್ಥಿ ಸಂಘದವರು ಇನ್ನೂ ಅಲ್ಲೇ ಇದ್ದಾರೆ. ದೂರದಲ್ಲಿ ನೆಲೆಸಿದ ನಮ್ಮೂರಿನವರೂ ಊರಿನ ಸುದ್ದಿ ನೋಡುವುದು ಅಲ್ಲೇ. ರಕ್ತದಾನಿಗಳು ಹೆಸರು ನೋಂದಾಯಿಸುವ ಸೌಲಭ್ಯವನ್ನು ಫೇಸ್‌ಬುಕ್ 2017ರಲ್ಲಿ ಶುರು ಮಾಡಿದ್ದು ಕೂಡ ಭಾರತದಲ್ಲೇ.

ಕೊರತೆ ಏನಂದರೆ, ಪೇಜ್‌ನಲ್ಲಿ ಹಾಕಿದ್ದು ಫಾಲೋ ಮಾಡುವ ಎಲ್ಲರಿಗೂ ಕಾಣುವುದಿಲ್ಲ. ದುಡ್ಡು ಕೊಟ್ಟು ಬೂಸ್ಟ್ ಮಾಡಿ ಅಂತ ಅದು ಕೇಳುತ್ತಲೇ ಇರುತ್ತದೆ. ಪ್ರತಿ ಪೋಸ್ಟ್‌ಗೂ ಸುರಿಯಬೇಡಿ. ವರ್ಷಕ್ಕೆ ಒಂದೆರಡು ಸಲ, ಉಚಿತ ಕಣ್ಣಿನ ತಪಾಸಣೆ ಥರದ್ದಕ್ಕೆ, ನಿಮ್ಮ ತಾಲ್ಲೂಕಿನವರಿಗೆ ಮಾತ್ರ ಕಾಣುವಂತೆ ಆರಿಸಿ ಸಣ್ಣ ಮೊತ್ತ ಹಾಕಿದರೆ ಸಾಕು. ಉಳಿದ ದಿನಗಳಲ್ಲಿ ಊರಿನ ಗ್ರೂಪ್‌ಗಳಲ್ಲಿ ಹಂಚಿಕೊಂಡರೆ ಪೇಜ್‌ಗಿಂತ ಜಾಸ್ತಿ ಜನ ನೋಡುತ್ತಾರೆ.

ಇನ್‌ಸ್ಟಾ, ಯೂಟ್ಯೂಬ್, ಉಳಿದವು

ಇನ್‌ಸ್ಟಾಗ್ರಾಮ್ ಬೇಕಾಗುವುದು ಕಾಲೇಜು ಹುಡುಗ ಹುಡುಗಿಯರು ವಾಲಂಟಿಯರ್‌ಗಳಾಗಿ ಬೇಕಾದಾಗ. ಬೀದಿನಾಯಿ ಮರಿಗಳಿಗೆ ಮನೆ ಹುಡುಕುವವರಿಗೆ, ಕೆರೆ ಸ್ವಚ್ಛ ಮಾಡುವವರಿಗೆ ಇದು ಬಹಳ ಚೆನ್ನ. ಮರಿಯ ಮುಖ ತೋರಿಸಲು ಯಾರ ಒಪ್ಪಿಗೆಯೂ ಬೇಡ ನೋಡಿ! ಆದರೆ ಮನುಷ್ಯರ ಕಷ್ಟದ ಜೊತೆ ಕೆಲಸ ಮಾಡುವವರಿಗೆ ಇನ್‌ಸ್ಟಾ ಒತ್ತಡ ತರುತ್ತದೆ. ಅದು ಮುಖ ಕೇಳುತ್ತದೆ, ಕಣ್ಣೀರು ಕೇಳುತ್ತದೆ, ವಾರಕ್ಕೆ ಮೂರು ರೀಲ್ಸ್ ಕೇಳುತ್ತದೆ. ಪೋಸ್ಟ್‌ನ ಕೆಳಗೆ ಬರೆದ ಲಿಂಕ್ ಒತ್ತಿದರೆ ತೆರೆಯುವುದೂ ಇಲ್ಲ, ಬಯೋದಲ್ಲಿ ಹಾಕಬೇಕು. ವಿಡಿಯೊ ಮಾಡುವ ಕೈ ಸಂಸ್ಥೆಯಲ್ಲೇ ಇದ್ದರೆ ಸರಿ, ಇಲ್ಲದಿದ್ದರೆ ಬಿಡಿ.

ಯೂಟ್ಯೂಬ್ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ. ಸಣ್ಣ ಸಂಸ್ಥೆಗಳು ಇದನ್ನು ಉದ್ಘಾಟನೆ, ಶಾಲು ಹೊದಿಸುವ ಕಾರ್ಯಕ್ರಮದ ವಿಡಿಯೊ ತುಂಬಲು ಬಳಸುತ್ತವೆ. ಯಾರೂ ನೋಡುವುದಿಲ್ಲ. ಅದೇ ಜಾಗದಲ್ಲಿ "ಮಾತು ತಡವಾದ ಮಗುವಿನ ಜೊತೆ ಮನೆಯಲ್ಲಿ ಹೇಗೆ ಆಡಬೇಕು", "ಹಾಸಿಗೆ ಹಿಡಿದವರಿಗೆ ಬೆನ್ನುಹುಣ್ಣು ಆಗದಂತೆ ಮಗ್ಗುಲು ಬದಲಿಸುವುದು ಹೇಗೆ", "ಅಂಗವಿಕಲರ ಪಿಂಚಣಿಗೆ ನಾಡಕಚೇರಿಗೆ ಯಾವ ಕಾಗದ ಒಯ್ಯಬೇಕು" ಅಂತ ನಾಲ್ಕು ನಿಮಿಷದ ಕನ್ನಡ ವಿಡಿಯೊ ಹಾಕಿ. ಹುಡುಕಿದವರಿಗೆ ವರ್ಷಗಟ್ಟಲೆ ಸಿಗುತ್ತಾ ಇರುತ್ತದೆ. ನೋಡುವವರು ಯಾರು ಅಂತ ಸಂಸ್ಥೆಗೂ ಬೇರೆ ನೋಡುಗರಿಗೂ ತಿಳಿಯುವುದಿಲ್ಲ. ಸಹಾಯ ಬೇಕಾದ, ಆದರೆ ಕೇಳಲು ಹಿಂಜರಿಯುವ ಜನರಿಗೆ ಇದಕ್ಕಿಂತ ಮರ್ಯಾದೆಯ ದಾರಿ ಬೇರೆ ಇಲ್ಲ. ತಿಂಗಳಿಗೆ ಒಂದು ವಿಡಿಯೊ ಸಾಕು. ಸಂಸ್ಥೆಗೆ ಸ್ವಂತ ವೆಬ್‌ಸೈಟ್ ಇದ್ದರೆ ಗೂಗಲ್ ಫಾರ್ ನಾನ್‌ಪ್ರಾಫಿಟ್ಸ್‌ಗೆ ಅರ್ಜಿ ಹಾಕಿ. ಒಪ್ಪಿಗೆ ಸಿಕ್ಕವರು ತಿಂಗಳಿಗೆ 10,000 ಡಾಲರ್‌ವರೆಗಿನ ಹುಡುಕಾಟದ ಜಾಹೀರಾತುಗಳನ್ನು ಪುಕ್ಕಟೆಯಾಗಿ ಪಡೆಯಬಹುದು.

ಎಕ್ಸ್ (ಹಿಂದಿನ ಟ್ವಿಟರ್) ಸಣ್ಣ ಸಂಸ್ಥೆಗೆ ದಿನನಿತ್ಯ ಬೇಕಿಲ್ಲ. ಅಲ್ಲಿರುವವರು ಅಧಿಕಾರಿಗಳು, ಪತ್ರಕರ್ತರು, ರಾಜಕಾರಣಿಗಳು. ವಿಪತ್ತು ಬಂದಾಗ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗು ಮುಳುಗಿದಾಗ, 2021ರ ಕೋವಿಡ್ ಎರಡನೇ ಅಲೆಯಲ್ಲಿ ಆಮ್ಲಜನಕ, ಹಾಸಿಗೆಗಾಗಿ ಜನ ಕೂಗಿದ್ದು ಅಲ್ಲೂ. ಹಾಗೆ ಕೇಳಿಕೊಂಡವರ ಬಾಯಿ ಮುಚ್ಚಿಸಬಾರದು ಅಂತ ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 30ರಂದು ಸ್ಪಷ್ಟವಾಗಿ ಹೇಳಿತು. ಹೆಸರಿನಲ್ಲಿ ಒಂದು ಖಾತೆ ತೆರೆದು ಸುಮ್ನೆ ಇಟ್ಟಿರಿ. ಲಿಂಕ್ಡ್‌ಇನ್ ಬೇಕಾಗುವುದು ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ ಹುಡುಕುವವರಿಗೆ. ಅದಕ್ಕೆ ಮೊದಲು ಆ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಆಗಿರಬೇಕು, ಇಲ್ಲದಿದ್ದರೆ ಅಲ್ಲಿ ಎಷ್ಟು ಬರೆದರೂ ವ್ಯರ್ಥ.

ಸ್ಮಾರ್ಟ್‌ಫೋನೇ ಇಲ್ಲದವರು? ಬೆಂಗಳೂರಿನ ಎನೇಬಲ್ ಇಂಡಿಯಾ ಸಂಸ್ಥೆಯ "ನಮ್ಮ ವಾಣಿ" ಇದಕ್ಕೆ ಒಳ್ಳೆಯ ಉದಾಹರಣೆ. ಅಂಗವಿಕಲರು ಸಾದಾ ಫೋನಿನಿಂದ ಮಿಸ್ಡ್ ಕಾಲ್ ಕೊಟ್ಟರೆ ತಿರುಗಿ ಕರೆ ಬರುತ್ತದೆ. ಬೇರೆಯವರ ಅನುಭವ ಕೇಳಬಹುದು, ತಮ್ಮದನ್ನೂ ಹೇಳಬಹುದು. ಅಂಥದ್ದನ್ನು ಕಟ್ಟುವ ಶಕ್ತಿ ಸಣ್ಣ ಟ್ರಸ್ಟ್‌ಗೆ ಇರಲಿಕ್ಕಿಲ್ಲ. ಆದರೆ ಪೋಸ್ಟರನ್ನು ಚಿತ್ರವಾಗಿ ಮಾತ್ರ ಕಳಿಸದೆ, ಅದರಲ್ಲಿರುವುದನ್ನು ಕೆಳಗೆ ಯೂನಿಕೋಡ್ ಕನ್ನಡದಲ್ಲಿ ಬರೆಯುವುದು ಎಲ್ಲರಿಂದಲೂ ಆಗುತ್ತದೆ. ಕಣ್ಣು ಕಾಣದವರ ಫೋನ್ ಅಕ್ಷರ ಓದಿ ಹೇಳುತ್ತದೆ. ಚಿತ್ರದೊಳಗಿನ ಕನ್ನಡ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಅಂಧರ ಶಿಬಿರದ ಆಹ್ವಾನವೇ ಹೀಗೆ ಬರೀ ಚಿತ್ರವಾಗಿ ಬಂದದ್ದನ್ನು ನಾನು ನೋಡಿದ್ದೇನೆ.

ಫೋಟೊ ಹಾಕುವ ಮುಂಚೆ

ಯಾವ ಆಪ್ ಆರಿಸಿದರೂ ಈ ಗೆರೆ ದಾಟುವಂತಿಲ್ಲ. ಮಕ್ಕಳ ಪಾಲನಾ ಕೇಂದ್ರದಲ್ಲಿರುವ ಮಗುವಿನ ಮುಖ, ಹೆಸರು, ಶಾಲೆ, ಗುರುತು ಸಿಗುವ ಯಾವುದನ್ನೂ ಹಾಕಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. "ಹುಟ್ಟುಹಬ್ಬಕ್ಕೆ ಕೇಕ್ ತಂದಿದ್ದೇವೆ, ಮಕ್ಕಳ ಜೊತೆ ಒಂದು ಫೋಟೊ" ಅಂತ ದಾನಿಗಳು ಕೇಳುತ್ತಾರಲ್ಲ, ಅದಕ್ಕೂ ಇದೇ ಉತ್ತರ. ಎಚ್‌ಐವಿ ಇರುವವರ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಹೊರಹಾಕುವುದು 2017ರ ಎಚ್‌ಐವಿ ಕಾಯ್ದೆ ಪ್ರಕಾರ ನಿಷಿದ್ಧ. ಮಾನಸಿಕ ಚಿಕಿತ್ಸೆಯಲ್ಲಿರುವವರ ಫೋಟೊಗೂ ಅದೇ ವರ್ಷದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ತಡೆ ಇದೆ.

2021ರ ಮೇ ತಿಂಗಳು ನೆನಪಿದೆಯಾ? ಕೋವಿಡ್‌ನಲ್ಲಿ ಅಪ್ಪ ಅಮ್ಮ ತೀರಿಕೊಂಡ ಮಕ್ಕಳನ್ನು ದತ್ತು ಪಡೆಯಿರಿ ಅಂತ ಫೋನ್ ನಂಬರ್ ಸಮೇತ ಮೆಸೇಜುಗಳು ಹರಿದಾಡಿದವು. ಕಳಿಸಿದವರಲ್ಲಿ ಒಳ್ಳೆಯ ಮನಸ್ಸಿನವರೇ ಜಾಸ್ತಿ ಇದ್ದಿರಬೇಕು. ಆದರೆ ಹಾಗೆ ದತ್ತು ಕೊಡುವುದು ಅಪರಾಧ, ಕಾರಾ ಅನ್ನುವ ಕೇಂದ್ರ ದತ್ತು ಪ್ರಾಧಿಕಾರದ ವ್ಯವಸ್ಥೆಯ ಮೂಲಕವೇ ಆಗಬೇಕು. ಅಕ್ರಮ ದತ್ತುವಿನಲ್ಲಿ ತೊಡಗಿದ ಸಂಸ್ಥೆಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಮರುತಿಂಗಳೇ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ಅಂಥ ಮೆಸೇಜು ಬಂದರೆ ಫಾರ್ವರ್ಡ್ ಬೇಡ, 1098ಕ್ಕೆ ತಿಳಿಸಿ.

ಹಾಗಾದರೆ ದಾನಿಗಳಿಗೆ ಏನು ತೋರಿಸುವುದು? ಕೆಲಸ ತೋರಿಸಿ. ಅಡುಗೆಮನೆಯ ದೊಡ್ಡ ಕುಕ್ಕರ್, ಮಕ್ಕಳು ಬಿಡಿಸಿದ ಚಿತ್ರ, ಹೊಸದಾಗಿ ಹಾಕಿಸಿದ ರ‍್ಯಾಂಪ್, ಈ ತಿಂಗಳ ಅಕ್ಕಿ ಬಿಲ್ಲು. ಬಿಲ್ಲಿನ ಫೋಟೊಗೆ ಲೈಕ್ ಕಡಿಮೆ ಬರಬಹುದು, ನಂಬಿಕೆ ಜಾಸ್ತಿ ಬರುತ್ತದೆ.

ಕ್ಯೂಆರ್ ಕೋಡ್ ಹಾಕುವ ಮುಂಚೆ

ಕ್ಯೂಆರ್ ಟ್ರಸ್ಟಿನ ಖಾತೆಯದ್ದೇ ಆಗಿರಲಿ, ಅಧ್ಯಕ್ಷರ ಸ್ವಂತದ್ದಲ್ಲ. ದಾನಿಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ (80ಜಿ ಅಂತ ಕರೆಯುವುದು) ಇರುವವರು ದಾನಿಯ ಪ್ಯಾನ್ ನಂಬರ್ ಪಡೆದು ವರ್ಷ ಮುಗಿದ ಮೇಲೆ ದಾನಗಳ ವಿವರ ಇಲಾಖೆಗೆ ಸಲ್ಲಿಸಬೇಕು, ದಾನಿಗೆ ಪ್ರಮಾಣಪತ್ರ ಕೊಡಬೇಕು. ಯುಪಿಐನಲ್ಲಿ ಸುಮ್ನೆ ಬಂದ 500 ರೂಪಾಯಿ ಯಾರದ್ದು ಅಂತ ಮಾರ್ಚ್‌ನಲ್ಲಿ ಹುಡುಕುವುದು ದೊಡ್ಡ ತಲೆನೋವು. ಪೋಸ್ಟ್‌ನಲ್ಲೇ "ಕಳಿಸಿದ ಮೇಲೆ ಈ ನಂಬರ್‌ಗೆ ಹೆಸರು, ಪ್ಯಾನ್ ಕಳಿಸಿ" ಅಂತ ಬರೆದರೆ ಮುಗಿಯಿತು. ಪ್ಯಾನ್ ನಂಬರ್ ಮಾತ್ರ ಗ್ರೂಪ್‌ನಲ್ಲಿ ಬೇಡ, ಬಿಸಿನೆಸ್ ಆಪ್‌ಗೇ ಬರಲಿ.

ಹೊರದೇಶದ ಕನ್ನಡಿಗರು ಪೋಸ್ಟ್ ನೋಡಿ ಕೊಡಲು ಮುಂದೆ ಬಂದಾಗ ಒಂದು ಪ್ರಶ್ನೆ ಕೇಳಲೇಬೇಕು: ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ ಪೌರರು ಎಲ್ಲಿದ್ದರೂ ತಮ್ಮ ಸ್ವಂತ ದುಡಿಮೆಯಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ಪಡೆದವರು ಕೊಟ್ಟರೆ ಆಗುತ್ತದೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಆಗುತ್ತದೆ. ಅದನ್ನು ಪಡೆಯಲು ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಮೊದಲೇ ಪಡೆದ ಅನುಮತಿ ಬೇಕು, ಹಣ ಬರಬೇಕಾದದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಅವರು ಊರಿಗೆ ಬಂದಾಗ ಇಲ್ಲೇ ರೂಪಾಯಿಯಲ್ಲಿ ಕೊಟ್ಟರೂ ನಿಯಮ ಬದಲಾಗದು.

ಈಗ ನಿಮ್ಮ ಜೇಬು, ನಿಮ್ಮ ಜನ

ಇಬ್ಬರೇ ನಡೆಸುವ, ಕೈಯಲ್ಲಿ ಏನೂ ಇಲ್ಲದ ಟ್ರಸ್ಟ್ ಆದರೆ: ಬಿಸಿನೆಸ್ ಆಪ್ ಮತ್ತು ಒಂದು ಬ್ರಾಡ್‌ಕಾಸ್ಟ್ ಪಟ್ಟಿ. ಅಷ್ಟೇ. ವೃದ್ಧಾಶ್ರಮಕ್ಕೆ ಅದರ ಜೊತೆ ಫೇಸ್‌ಬುಕ್ ಪೇಜ್ ಸೇರಿಸಿ. ವಿಶೇಷಚೇತನ ಮಕ್ಕಳ ಕೇಂದ್ರಕ್ಕೆ ಯೂಟ್ಯೂಬ್ ಸೇರಿಸಿ. ಆ ಮಕ್ಕಳ ತಾಯಂದಿರು ತಮ್ಮಲ್ಲೇ ಮಾತಾಡಿಕೊಳ್ಳಲು ಗ್ರೂಪ್ ಬೇಕು ಅಂತ ಕೇಳಿದರೆ, ನಂಬರ್ ಕಾಣುತ್ತದೆ ಅಂತ ಮೊದಲೇ ಹೇಳಿ, ಒಪ್ಪಿದವರನ್ನು ಮಾತ್ರ ಸೇರಿಸಿ. ಅಂಥ ಗ್ರೂಪ್‌ಗಳು ಕೌನ್ಸೆಲಿಂಗ್‌ನಷ್ಟೇ ಧೈರ್ಯ ಕೊಡುವುದುಂಟು. ಕುಡಿತ, ಎಚ್‌ಐವಿ, ದೌರ್ಜನ್ಯ, ಮಾನಸಿಕ ಕಾಯಿಲೆ ಇವುಗಳಿಗೆ ಗ್ರೂಪ್ ಬೇಡ. ಬಿಸಿನೆಸ್ ಆಪ್ ಮತ್ತು ಮುಖ ತೋರಿಸದ ಯೂಟ್ಯೂಬ್ ವಿಡಿಯೊ ಸಾಕು.

ವರ್ಷಕ್ಕೆ ಒಂದಷ್ಟು ಸಾವಿರ ಖರ್ಚು ಮಾಡುವ ಶಕ್ತಿ ಇದ್ದರೆ ಬೂಸ್ಟ್‌ಗೆ ಹಾಕುವ ಮೊದಲು ಎರಡು ಕೆಲಸ ಮಾಡಿ: ಬಟ್ಟೆಗೆ ಸಿಕ್ಕಿಸುವ ಒಂದು ಮೈಕ್ ತಗೊಳ್ಳಿ, ವಾರಕ್ಕೆ ನಾಲ್ಕು ಗಂಟೆ ಉತ್ತರ ಬರೆಯುವವರಿಗೆ ಗೌರವಧನ ಕೊಡಿ. ಧ್ವನಿ ಕೇಳದ ವಿಡಿಯೊ, ಉತ್ತರ ಬಾರದ ಇನ್‌ಬಾಕ್ಸ್ ಎರಡಕ್ಕೂ ಜಾಹೀರಾತಿನಲ್ಲಿ ಮದ್ದಿಲ್ಲ.

ಕೊನೆಗೆ ಅಡ್ಮಿನ್ ವಿಷಯ. ಪೇಜ್ ಮಾಡಿಕೊಟ್ಟ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದ, ಪಾಸ್‌ವರ್ಡ್ ಅವನ ಜೊತೆಗೇ ಹೋಯಿತು. ಈ ಕಥೆ ಎಲ್ಲ ತಾಲ್ಲೂಕಿನಲ್ಲೂ ಇದೆ. ಖಾತೆಗಳೆಲ್ಲ ಸಂಸ್ಥೆಯ ಇಮೇಲ್ ಮತ್ತು ಸಂಸ್ಥೆಯ ಸಿಮ್‌ನಲ್ಲೇ ಇರಲಿ. ಕನಿಷ್ಠ ಇಬ್ಬರು ಅಡ್ಮಿನ್ ಇರಲಿ, ಎರಡು ಹಂತದ ಪರಿಶೀಲನೆ ಆನ್ ಆಗಿರಲಿ. ಓಟಿಪಿ ಕೇಳಿ ಬರುವ ಕರೆಗೆ ಯಾರೂ ಸಂಖ್ಯೆ ಹೇಳಬಾರದು. ಸಂಸ್ಥೆಯ ಹೆಸರಿನಲ್ಲಿ ಯಾರಾದರೂ ನಕಲಿ ಕ್ಯೂಆರ್ ಹರಿಬಿಟ್ಟು ದುಡ್ಡು ಹೊಡೆದದ್ದು ಗೊತ್ತಾದರೆ ದಾನಿಯಿಂದ ಅವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿಸಿ, ಆಮೇಲೆ ನಿಮ್ಮ ಬ್ರಾಡ್‌ಕಾಸ್ಟ್ ಪಟ್ಟಿಗೆ ಅಸಲಿ ಕ್ಯೂಆರ್ ಇನ್ನೊಮ್ಮೆ ಕಳಿಸಿ.